ಅಲುಗದ ದುರ್ಬೀನು

ಯಡ್ತರೆ
೧೪-೨-೧೯೬೬

ನಾವುಂದದ ಮಹಾಬಲ ಹೆಗ್ಡೆಯವರಿಗೆ, ಕೋವಿ ರಿಪೇರಿಯ ವಾಸುದೇವ ಆಚಾರಿಯ ನಮಸ್ಕಾರ.

ಹಂದಿ ಬೇಟೆಯಲ್ಲಿ ನಿಮ್ಮ ಗುಂಡು ತಾಗಿ ಒಕ್ಕಲು ಸುಬ್ಬ ತೀರಿಕೊಂಡನಲ್ಲ, ಕೋವಿಯ ಮೇಲೆ ನಾನು ಕೂರಿಸಿದ ದುರ್ಬೀನು ಅಲುಗಿ ಗುರಿ ತಪ್ಪಿತೆಂದು ನೀವು ಪೊಲೀಸರಿಗೆ ಹೇಳಿದ್ದೀರಿ. ನಾನೂ ಹಾಗೆಯೇ ಬರೆದುಕೊಡಬೇಕೆಂದು ಎರಡು ಸಲ ಜನ ಕಳಿಸಿದಿರಿ. ಇನ್ನು ಕಳಿಸಬೇಡಿ.

ನಿನ್ನೆ ದಫೇದಾರರು ತಂದ ನಿಮ್ಮ ಕೋವಿಯನ್ನು ಅವರ ಎದುರೇ ಪರೀಕ್ಷೆ ಮಾಡಿದೆ. ನೀವು ನಿಂತಿದ್ದಷ್ಟೇ ದೂರ, ಎಂಬತ್ತು ಗಜ ಅಳೆದು ಹಲಗೆಗೆ ಮೂರು ಗುಂಡು ಹೊಡೆದೆ. ಮೂರೂ ಒಂದು ಅಂಗೈಯಗಲದೊಳಗೆ ಬಿದ್ದವು. ಗುರಿಯ ತಿರುಪನ್ನು ಹತ್ತು ಗೀಟು ಬಲಕ್ಕೆ ತಿರುಗಿಸಿ, ಮತ್ತೆ ಹತ್ತು ಗೀಟು ಹಿಂದಕ್ಕೆ ತಂದು ಹೊಡೆದೆ. ಗುಂಡು ಹಳೆಯ ತೂತಿನ ಪಕ್ಕಕ್ಕೇ ಬಂತು. ಕೋವಿಯನ್ನು ಸೊಂಟದೆತ್ತರದಿಂದ ಮುರಕಲ್ಲಿನ ಮೇಲೆ ಬೀಳಿಸಿಯೂ ನೋಡಿದೆ. ಏನೂ ಕದಲಲಿಲ್ಲ.

ಸುಬ್ಬ ಕೈಯೆತ್ತಿ, "ಹ್ವಾಯ್, ಹೊಡಿಬೇಡಿ, ಹಂದಿ ಅಲ್ಲ, ನಾನ್ ಮಾರಾಯ್ರೆ!" ಎಂದು ಕೂಗಿದ್ದನ್ನು ಅವನ ತಮ್ಮ ಕೊರಗ ಕೇಳಿದ್ದಾನೆ. ನಿಮ್ಮ ಗೇಣಿ ಗದ್ದೆ ಬಿಡುವುದಿಲ್ಲವೆಂದು ಸುಬ್ಬ ತಾಲೂಕು ಕಚೇರಿಗೆ ಅರ್ಜಿ ಕೊಟ್ಟು ಎಂಟೇ ದಿನವಾಗಿತ್ತು. ಅದನ್ನು ನಾನು ದಫೇದಾರರಿಗೆ ಕೊಟ್ಟ ಹೇಳಿಕೆಯಲ್ಲಿ ಬರೆದಿಲ್ಲ. ಅದು ಕೋವಿಯ ಸಂಗತಿಯಲ್ಲ.

ಆದರೆ ಬೇಟೆಗೆ ಎರಡು ದಿನ ಮೊದಲು ದುರ್ಬೀನು ಕೂರಿಸಿಕೊಂಡು ಹೋಗುವಾಗ ನೀವು, "ಎಷ್ಟ್ ದೂರಕ್ಕೆ ಜನರ ಮುಖ ಗುರ್ತ್ ಸಿಕ್ಕತ್ತ್, ಆಚಾರಿ?" ಎಂದು ಕೇಳಿದಿರಿ.

"ನೂರ್ ಗಜಕ್ಕೂ ಮೀಸೆ ಸಮೇತ ಕಾಣತ್ತ್, ಒಡೆಯಾ" ಎಂದು ನಾನು ನಗಾಡಿದೆ.

ಅದನ್ನು ಬರೆದುಕೊಟ್ಟಿದ್ದೇನೆ. ನಗಾಡಿದ್ದನ್ನೂ ಸೇರಿಸಿದ್ದೇನೆ.

ಇಂತು,
ವಾಸುದೇವ ಆಚಾರಿ