ಕುರ್ಚಿಯ ಬೆನ್ನು

ಮನೆಯಿಂದ
ಭಾನುವಾರ, ಮಾರ್ಚ್ ೯

ಪ್ರೀತಿಯ ಅಣ್ಣಾ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ನಗಬೇಡ. ನಾಲ್ಕನೇ ಕ್ಲಾಸಿಗೇ ಪೆನ್ನು ಬಿಟ್ಟ ಕೈ ಇದು, ಒತ್ತಕ್ಷರ ಬರಬೇಕಾದ ಕಡೆ ಬರುವುದಿಲ್ಲ. ತಪ್ಪಿದ್ದರೆ ನೀನೇ ಸರಿ ಮಾಡಿಕೊಂಡು ಓದು. ನಿನ್ನ ಆರೋಗ್ಯ ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಕೈ ವಾಸಿಯಾಯಿತಾ? ಅಲೆ ಜೋರಾದಾಗ ಈಗಲೂ ವಾಂತಿಯಾಗುತ್ತದಾ? ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ, ನೆಗಡಿಯ ಬಗ್ಗೆಯೂ ಕೇಳು ಅನ್ನುತ್ತಿದ್ದಾಳೆ. ತಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ.

ನೀನು ಕೊಟ್ಟುಹೋದ ಕ್ಯಾಮೆರಾ ಏನಾಯಿತು ಎಂದು ಕೇಳಿದ್ದೆಯಲ್ಲ. ಸ್ಟುಡಿಯೋದಲ್ಲಿ ನನ್ನ ಕೆಲಸ ನಿನಗೆ ಗೊತ್ತೇ ಇದೆ, ಬಂದವರನ್ನು ಬಿಳಿ ಪರದೆಯ ಮುಂದೆ ಕೂರಿಸಿ ಗಲ್ಲ ಎತ್ತಿಸುವುದು. "ಹತ್ತು ಸಲ ಒತ್ತು, ಒಂದಾದ್ರೂ ನೆಟ್ಟಗೆ ಬರುತ್ತೆ" ಅನ್ನುತ್ತಾರೆ ಮಾಲೀಕರು. ಹಾಗೆ ಒತ್ತಿ ಒತ್ತಿ ನನಗೆ ಏನೂ ಕಾಣದ ಹಾಗಾಗಿತ್ತು. ಅದಕ್ಕೆ ನನಗೆ ನಾನೇ ಕಟ್ಟಳೆ ಹಾಕಿಕೊಂಡೆ. ಮೊದಲು, ಯಾರ ಮುಖವನ್ನೂ ತೆಗೆಯಬಾರದು ಎಂದು. ಕೆಳಗಿನ ಮನೆಯ ದರ್ಜಿ ಮಾಮ ಹೊಲಿಯುವಾಗ ಅವನ ಪಾದದ ಹತ್ತಿರ ಕುಕ್ಕರುಗಾಲಲ್ಲಿ ಕೂತೆ. "ಏನೇ ಗುಬ್ಬಿ, ನನ್ನ ಮುಖ ಏನ್ ಪಾಪ ಮಾಡ್ತು? ಕಾಲಿಗೂ ಪಾಸ್‌ಪೋರ್ಟ್ ಮಾಡಿಸ್ತೀಯಾ?" ಎಂದು ಇಡೀ ಬೀದಿಗೆ ಕೇಳುವ ಹಾಗೆ ನಕ್ಕ. ನನಗೆ ನಾಚಿಕೆಯಿಂದ ಎದ್ದುಹೋಗಲೂ ಆಗಲಿಲ್ಲ. ಆದರೂ ಒಂದು ಫೋಟೋ ಬಂತು ಅಣ್ಣಾ, ತುಳಿಯುವ ಹಲಗೆಯ ಅಂಚನ್ನು ಅವನ ಹೆಬ್ಬೆರಳು ಹಿಡಿದುಕೊಂಡದ್ದು, ಮಗು ಸೆರಗು ಹಿಡಿದ ಹಾಗೆ. ಅದೊಂದೇ. ಉಳಿದದ್ದೆಲ್ಲ ಕಸ.

ಆಮೇಲಿನ ಕಟ್ಟಳೆಗೆ ಅಮ್ಮ ಸಿಕ್ಕಿದಳು. ದಿನಾ ಬೆಳಿಗ್ಗೆ ಅದೇ ಕಿಟಕಿ, ತೀರಿಹೋದ ಅಪ್ಪ ಮಾಡಿದ ಅದೇ ಮರದ ಕುರ್ಚಿ, ನಾನು ನಿಲ್ಲುವ ಜಾಗವೂ ಅದೇ, ಒಂದೇ ಒಂದು ಕ್ಲಿಕ್. ನಗು ಅನ್ನುವಂತಿಲ್ಲ, ನೆಟ್ಟಗೆ ಕೂರು ಅನ್ನುವಂತಿಲ್ಲ. ಬೆಳಕು ಮಾತ್ರ ಬದಲಾಗುತ್ತದೆ, ಅದನ್ನಾದರೂ ಕಲಿಯೋಣ ಎಂದುಕೊಂಡೆ. ಈ ಸೆಖೆಯಲ್ಲೂ ಅಮ್ಮ ಎರಡು ಸ್ವೆಟರ್ ಹಾಕಿಕೊಂಡು ಬರುತ್ತಾಳೆ. "ಹಡಗಿಗೆ ಹೋಗೋ ಫೋಟೋ ಕಣೇ, ಸ್ವಲ್ಪ ಮೈಕೈ ತುಂಬ್ಕೊಂಡು ಕಾಣ್ಬೇಕು" ಅನ್ನುತ್ತಾಳೆ. ನಾನೂ ನಗುತ್ತೇನೆ. ಆದರೆ ಅಣ್ಣಾ, ಈ ಕಲಿಕೆ ನನಗೆ ಸಾಕಾಗಿದೆ. ಮೊದಲಿನ ಹಾಗೆ ಏನೂ ಕಾಣದೇ ಇದ್ದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಎದ್ದರೆ ಕ್ಯಾಮೆರಾ ಎತ್ತಲು ಕೈ ಬರುವುದಿಲ್ಲ. ಎತ್ತದಿದ್ದರೆ ಅಮ್ಮ "ಯಾಕೆ, ಇವತ್ತಿಲ್ವಾ?" ಎಂದು ನನ್ನ ಮುಖವನ್ನೇ ನೋಡುತ್ತಾಳೆ.

ಅಮ್ಮನೇ ಆರಿಸಿದ ಫೋಟೋ ಜೊತೆಗಿದೆ, ಮೊದಲ ದಿನದ್ದು. ಬೇರೆ ಯಾವುದನ್ನೂ ಕಳಿಸಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಅವಳ ಆಶೀರ್ವಾದ ನಿನಗೆ. ಹೊಟ್ಟೆ ತುಂಬ ಊಟ ಮಾಡಬೇಕಂತೆ, ಬೇರೆಯವರಿಗೆ ಬಡಿಸಿ ನೀನು ಹಸಿದುಕೊಂಡು ಇರಬಾರದಂತೆ.

ನಿನ್ನ ತಂಗಿ
ಗುಬ್ಬಿ

ತಾ.ಕ. ಸೋಮವಾರ. ಸ್ಟುಡಿಯೋದಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ. ನಿನ್ನೆ ಅಮ್ಮನಿಗೆ ಓದಿ ಹೇಳುವಾಗ ಕೆಲವು ಸಾಲು ಹಾರಿಸಿದೆ. ಹೋದ ತಿಂಗಳು ಫೋಟೋಗಳನ್ನೆಲ್ಲ ಇಲ್ಲಿ ಮೇಜಿನ ಮೇಲೆ ಸಾಲಾಗಿಟ್ಟು ಬೆಳಕು ನೋಡುತ್ತಿದ್ದಾಗ ಮಾಲೀಕರು ಬಗ್ಗಿ, "ನಡುವೆ ಕುರ್ಚಿ ಬದಲಾಯಿಸಿದ್ಯಾ? ಇದು ದೊಡ್ಡದಲ್ವಾ?" ಎಂದರು. ಕುರ್ಚಿ ಅದೇ. ಮೊದಲ ದಿನ ಅಮ್ಮನ ಹಿಂದೆ ಅದರ ಬೆನ್ನಿನ ಪಟ್ಟಿ ಒಂದೂ ಕಾಣುತ್ತಿರಲಿಲ್ಲ, ಕೊನೆಯದರಲ್ಲಿ ಎರಡೂ ಕಡೆ ಕಾಣುತ್ತಿದ್ದವು. ಮಾಲೀಕರು ಹಾಗೆಂದ ಮಾರನೆಯ ದಿನವೇ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊಟ್ಟೆಯಲ್ಲಿ ಗಡ್ಡೆ, ಕೊಯ್ದು ಪ್ರಯೋಜನವಿಲ್ಲ, ಮಳೆಗಾಲದವರೆಗೆ ತಡೆಯುವುದು ಕಷ್ಟ ಎಂದರು ಡಾಕ್ಟರು. ಅಮ್ಮನಿಗೂ ಗೊತ್ತು. ನಿನಗೆ ಗೊತ್ತಾದರೆ ಕೆಲಸ ಬಿಟ್ಟು ಓಡಿ ಬರುತ್ತೀ ಎಂದೇ ಅವಳ ಹೆದರಿಕೆ. ನಾನು ಮಾತು ಮುರಿದು ಮೊನ್ನೆಯ ಫೋಟೋವನ್ನೂ ಇಟ್ಟಿದ್ದೇನೆ. ಅಮ್ಮನನ್ನು ನೋಡಬೇಡ, ನಗುತ್ತಿದ್ದಾಳೆ, ಮೋಸ ಹೋಗುತ್ತೀ. ಕುರ್ಚಿ ನೋಡು. ಮುಂದಿನ ಬಂದರಿನಲ್ಲಿ ಇಳಿದುಬಿಡು ಅಣ್ಣಾ. ಇವತ್ತು ಬೆಳಿಗ್ಗೆಯೂ ಅವಳು ಬಂದು ಕೂತಳು, ಸ್ವೆಟರ್ ಎಳೆದು ಸರಿ ಮಾಡಿಕೊಂಡಳು. ನಾನು ಕ್ಯಾಮೆರಾ ಕೆಳಗಿಟ್ಟು, ಅವಳ ಬೆನ್ನಿಗೂ ಕುರ್ಚಿಗೂ ನಡುವೆ ನಿನ್ನ ದಿಂಬು ಇಟ್ಟೆ.