ಅಜ್ಜಿ ತೋಟದ ಸೇಬು

ಮಾರ್ಚ್ ೯, ಭಾನುವಾರ

ಹೇಳದೆ ಕೇಳದೆ ಮನೆ ಬಿಟ್ಟು ಹೋದ ನನ್ನ ಸೊಸೆಗೆ,

ಕೋಪವನ್ನೂ ಆಶೀರ್ವಾದವನ್ನೂ ಒಂದೇ ಲಕೋಟೆಯಲ್ಲಿ ಹಾಕಿದ್ದೇನೆ. ನಿನಗೆ ಯಾವುದು ಮೊದಲು ಬೇಕೋ ಅದನ್ನು ತೆಗೆದುಕೋ.

ನಿನ್ನ ಗಂಡ ನನ್ನ ಮುಂದೆ ಕಾಗದ, ಪೆನ್ನು ಇಟ್ಟು ಪಕ್ಕದ ಕೋಣೆಯಲ್ಲಿ ಕಾದು ಕುಳಿತಿದ್ದಾನೆ. ಏನು ಬರೆಯಬೇಕು ಎಂದೂ ಹೇಳಿಕೊಟ್ಟಿದ್ದಾನೆ. “ಎದೆನೋವು ಅಂತ ಬರಿ ಅಮ್ಮಾ. ಹಾಸಿಗೆ ಹಿಡಿದಿದ್ದೀನಿ, ಕಣ್ಮುಚ್ಚೋ ಮೊದಲು ನಿನ್ನ ನೋಡ್ಬೇಕು ಅಂತ ಬರಿ. ನಾನು ಫೋನ್ ಮಾಡಿದ್ರೆ ಇಟ್ಟುಬಿಡ್ತಾಳೆ. ನಿನ್ನ ಅಕ್ಷರ ಕಂಡ್ರೆ ಕರಗ್ತಾಳೆ” ಎಂದ.

ಎದೆನೋವೂ ಇಲ್ಲ, ಎಂಥದೂ ಇಲ್ಲ. ಇವತ್ತು ಬೆಳಿಗ್ಗೆಯೇ ಎರಡು ಮಹಡಿ ಇಳಿದು ಹತ್ತಿ ಬಂದಿದ್ದೇನೆ. ನನಗೆ ಆಗಿರುವುದು ಹೇಸಿಗೆ. ಅದಕ್ಕೆ ಯಾವ ಡಾಕ್ಟರೂ ಗುಳಿಗೆ ಬರೆದುಕೊಡುವುದಿಲ್ಲ.

ಅವನಿಗೆ ನೀನು ಯಾಕೆ ಬೇಕಾದೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ಕೋಲ್ಡ್ ಸ್ಟೋರೇಜಿನ ಕೊನೆಯ ಎರಡು ಕೋಣೆಗಳ ಹಣ್ಣನ್ನು ಈ ವರ್ಷದ ಫಸಲು ಎಂದು ತಪಾಸಣೆಯ ಸಹಿ ಹಾಕು ಎಂದು ಅವನು, ಸತ್ತರೂ ಹಾಕುವುದಿಲ್ಲ ಎಂದು ನೀನು. ನಿಮ್ಮ ಜಗಳ ನನಗೆ ಅಡುಗೆಮನೆಯ ತನಕ ಕೇಳಿಸಿತ್ತು. ಮಾರನೇ ದಿನ ನಿನ್ನ ಬಿಳಿ ಕೋಟು ಗೂಟದಲ್ಲಿತ್ತು, ನೀನಿರಲಿಲ್ಲ. ಅತ್ತೆಗೆ ಒಂದು ಮಾತು ಹೇಳಿ ಹೋಗಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಇರಲಿ, ಆ ಜಗಳ ನಮ್ಮಿಬ್ಬರದು, ಆಮೇಲೆ ಆಡೋಣ.

ನಿನ್ನ ಗಂಡನ ವ್ಯಾಪಾರದ ಬುದ್ಧಿ ನಿನಗೆ ಗೊತ್ತು. ಭೂಮಂಡಲದ ಸೇಬಿನ ಜಾತಕವೆಲ್ಲ ಅವನ ಫೋನಿನಲ್ಲಿದೆ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಎಂದರೆ ಗೊತ್ತಿಲ್ಲ. ಸಮುದ್ರದಾಚೆ ಯಾವ ದೇಶದಲ್ಲಿ ಹಿಮ ಬಿದ್ದು ಸೇಬಿನ ಹೂವು ಸುಟ್ಟಿತು, ಎಲ್ಲಿ ಹಡಗುಕಟ್ಟೆಯಲ್ಲಿ ಹಣ್ಣಿನ ಕಂಟೇನರು ಸಿಕ್ಕಿಬಿತ್ತು ಎಂದರೆ ತುದಿನಾಲಿಗೆಯಲ್ಲಿದೆ. ಹಿಮ ಬಿತ್ತು, ಬೆಲೆ ಆಕಾಶಕ್ಕೆ ಏರುತ್ತದೆ ಎಂದು ಹೋದ ವರ್ಷದ ಹಣ್ಣನ್ನೆಲ್ಲ, ಬೇಗ ಕೆಡದಿರಲಿ ಎಂದು ಗಾಳಿ ಕಡಿಮೆ ಮಾಡಿದ ಆ ಕೋಣೆಗಳಲ್ಲಿ ಮಲಗಿಸಿ ಬೀಗ ಹಾಕಿದ. ಆದರೆ ಬೇರೆ ಎರಡು ದೇಶಗಳಲ್ಲಿ ಎಂದೂ ಕಾಣದ ಫಸಲು ಬಂತು. ಹಡಗು ಹಡಗು ಹಣ್ಣು ಬಂದು ಸುರಿಯಿತು. ಬೆಲೆ ನೆಲ ಕಚ್ಚಿತು. ಆಗಲಾದರೂ ಮಾರಿದನೇ? “ಏರುತ್ತೆ ಅಮ್ಮಾ, ಕಾಯ್ಬೇಕು” ಎಂದ. ನೀನು ಕಾಯುತ್ತೀಯಪ್ಪ, ಹಣ್ಣು ಕಾಯುತ್ತದೆಯೇ ಎಂದು ಕೇಳಿದೆ. ಫೋನು ನೋಡುತ್ತಾ ನಕ್ಕ.

ಕಾದು ಕಾದು ಬಾಗಿಲು ತೆಗೆದಾಗ ಹಣ್ಣು ಹೊರಗಿನಿಂದ ಮದುವಣಗಿತ್ತಿಯ ಕೆನ್ನೆ, ಒಳಗೆ ಬೂಷ್ಟು. ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆಯನ್ನು ಇವನನ್ನು ನೋಡಿಯೇ ಮಾಡಿರಬೇಕು. ಅದನ್ನು ತೊಳೆಸಿ, ಮೇಣ ಹಚ್ಚಿಸಿ, ಹೊಳಪು ಕೊಡಿಸಿದ. ಇನ್ನು ಮಾರಲು ಒಂದು ಹೆಸರು ಬೇಕಲ್ಲ? ಅದಕ್ಕೆ ಒಬ್ಬ ಸಲಹೆಗಾರನನ್ನು ಕರೆತಂದ. ಟೈ ಕಟ್ಟಿಕೊಂಡವನು. ಬಾಯಿ ಬಿಟ್ಟರೆ “ಈಗಿನ ಟ್ರೆಂಡು” ಎನ್ನುತ್ತಿದ್ದ. ನಾನು ಅವನಿಗೆ ಟ್ರೆಂಡಪ್ಪ ಎಂದೇ ಹೆಸರಿಟ್ಟೆ.

ಟ್ರೆಂಡಪ್ಪ ನಮ್ಮ ಸೋಫಾದ ಮೇಲೆ ಕಾಲಮೇಲೆ ಕಾಲು ಹಾಕಿ ಹೇಳಿದ್ದು ಕೇಳು. “ಈಗ ಜನ ಹಣ್ಣು ತಿನ್ನಲ್ಲ ಸಾರ್, ಕಥೆ ತಿಂತಾರೆ. ದೊಡ್ಡ ಕಂಪನಿ ಅಂದ್ರೆ ಭಯ. ಮನೆತನ, ಅಜ್ಜಿ, ತೋಟ ಅಂದ್ರೆ ಬೆಲೆನೂ ಕೇಳಲ್ಲ.” ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಸಂತೆಯಲ್ಲಿ ದನ ನೋಡುವವರು ಹಲ್ಲು ಎಣಿಸುತ್ತಾರಲ್ಲ, ಹಾಗೆ.

ನಿನ್ನ ಮಾವ ಮತ್ತು ನಾನು ತಳ್ಳುಗಾಡಿಯಲ್ಲಿ ಹಣ್ಣು ಮಾರಿ ಬದುಕಿದವರು. ನಾನು ಸೇಬಿನ ಮರ ಕಂಡಿದ್ದರೆ ಅದು ಕ್ಯಾಲೆಂಡರಿನಲ್ಲಿ. ಅಂಥವಳನ್ನು ಸ್ಟುಡಿಯೋದಲ್ಲಿ ಪ್ಲಾಸ್ಟಿಕ್ ಎಲೆಗಳ ಮಧ್ಯೆ ಕೂರಿಸಿದರು. ತೊಡೆಯ ಮೇಲೆ ಬುಟ್ಟಿ. ಬಣ್ಣ ಹಚ್ಚುವ ಹುಡುಗಿ ನನ್ನ ಸುಕ್ಕು ಸಾಲದು ಎಂದು ಇನ್ನೆರಡು ಗೆರೆ ಎಳೆದಳು. ಮಗ ಕೇಳಿದ, ಕೂತೆ. ಹೆತ್ತವರಿಗೆ ಹೆಗ್ಗಣ ಮುದ್ದು ತಾನೇ? ಒಂದು ಫೋಟೋದಿಂದ ಏನಾಗುತ್ತದೆ ಎಂದುಕೊಂಡೆ.

ಆಮೇಲೆ ಊರ ತುಂಬ ನಾನೇ. ಪ್ರತಿ ಹಣ್ಣಿನ ಮೇಲೆ ಉಗುರಿನಷ್ಟು ಅಗಲದ ಚೀಟಿ, ಅದರಲ್ಲಿ ನಗುವ ನಾನು, ಕೆಳಗೆ ‘ಅಜ್ಜಿ ತೋಟದ ಸೇಬು’. ಜನ ಹಣ್ಣು ತಿಂದು ಚೀಟಿಯನ್ನು ಎಲ್ಲಿ ಅಂಟಿಸುತ್ತಾರೆ ಎಂದು ನಿನಗೆ ಗೊತ್ತೇ? ಬಸ್ಸಿನ ಸೀಟಿನ ಬೆನ್ನಿಗೆ, ಲಿಫ್ಟಿನ ಗುಂಡಿಯ ಪಕ್ಕ, ಸಾರ್ವಜನಿಕ ಶೌಚಾಲಯದ ಬಾಗಿಲಿಗೆ. ಒಂದು ದಿನ ನನ್ನದೇ ಚಪ್ಪಲಿಯ ಅಡಿಯಿಂದ ನನ್ನ ಮುಖವನ್ನು ಕೆರೆದು ತೆಗೆದೆ. ಅದಕ್ಕೂ ನಕ್ಕು ಸುಮ್ಮನಾಗಿದ್ದೆ.

ಸುಮ್ಮನಿರಲಾಗದ ದಿನ ಬಂದದ್ದು ಸೂಪರ್ ಮಾರ್ಕೆಟ್ಟಿನಲ್ಲಿ. ಅಲ್ಲಿ ಬಣ್ಣದ ತೋಟದ ಪರದೆ ಕಟ್ಟಿ, ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ಬಂದವರಿಗೆಲ್ಲ ಹೋಳು ಕತ್ತರಿಸಿ ಕೊಡುವುದು ನನ್ನ ಕೆಲಸ. ರುಚಿ ನೋಡಲು ಕೊಡುವ ಹಣ್ಣು ಮೇಜಿನ ಕೆಳಗಿನ ಬುಟ್ಟಿಯದು, ಹೊಸ ಫಸಲು. ಮಾರುವ ಹಣ್ಣು ಮೇಜಿನಾಚೆ ಗುಡ್ಡೆ ಹಾಕಿದ್ದು. ಟ್ರೆಂಡಪ್ಪ ಕಿವಿಯ ಹತ್ತಿರ ಬಂದು, “ಅಜ್ಜಿ, ಅಪ್ಪಿತಪ್ಪಿಯೂ ಗುಡ್ಡೆಯಿಂದ ತಗೋಬೇಡಿ” ಎಂದ. ಹಾಗೆಂದ ಮೇಲೆ ತೆಗೆದುಕೊಳ್ಳದೆ ಇರುವವಳೇ ನಾನು? ಅವನು ಫೋನು ಹಿಡಿದು ಆಚೆ ಹೋದಾಗ ಗುಡ್ಡೆಯಿಂದ ಒಂದನ್ನು ತೆಗೆದು ಕಚ್ಚಿದೆ.

ಒದ್ದೆ ಹಿಟ್ಟು ಬಾಯಿಗೆ ತುಂಬಿಕೊಂಡಂತಾಯಿತು. ಅದರ ಹಿಂದೆಯೇ ಮುಚ್ಚಿಟ್ಟ ಗೋಣಿಚೀಲದ ವಾಸನೆ, ಆಮೇಲೆ ಕಹಿ. ನುಂಗಲಾಗದೆ ಅಂಗೈಗೆ ಉಗುಳಿಕೊಂಡು ಕೂತಿದ್ದೆ. ಆಗಲೇ ಒಬ್ಬ ಹೆಣ್ಣುಮಗಳು ಚೀಲದ ತುಂಬ ಅದೇ ಹಣ್ಣು ಹಿಡಿದು ನನ್ನ ಮುಂದೆ ನಿಂತಳು. ನಿದ್ದೆಗೆಟ್ಟ ಕಣ್ಣು. “ಅಜ್ಜಿ, ನಮ್ಮ ಪುಟ್ಟಿಗೆ ಆಪರೇಷನ್ ಆಗಿದೆ. ಏನು ಕೊಟ್ರೂ ವಾಂತಿ. ಸೇಬಿನ ರಸ ಒಂದು ಕುಡೀತಾಳೆ. ಬೇರೆದಕ್ಕಿಂತ ಇದು ದುಬಾರಿ, ಆದ್ರೂ ನಿಮ್ಮ ಮುಖ ನೋಡಿ ತಗೊಂಡೆ” ಎಂದು ನನ್ನ ಇನ್ನೊಂದು ಕೈ ಹಿಡಿದುಕೊಂಡಳು.

ಒಂದು ಕೈಯಲ್ಲಿ ಉಗುಳಿದ ಹಣ್ಣು, ಇನ್ನೊಂದು ಕೈಯಲ್ಲಿ ಅವಳ ಕೈ. ನೀನೇ ಹೇಳು, ನಾನು ಏನು ಮಾಡಬೇಕಿತ್ತು?

“ಬೇಡ ಮಗಳೇ, ವಾಪಸ್ ಇಡು” ಎಂದೆ. ತಮಾಷೆ ಎಂದುಕೊಂಡು ನಕ್ಕಳು. ಅವಳ ಚೀಲದಿಂದಲೇ ಒಂದನ್ನು ತೆಗೆದು ಮೇಜಿನ ಮೇಲಿಟ್ಟು, ಒಂದೇ ಕೈಯಲ್ಲಿ ಅವಳ ಕಣ್ಣೆದುರೇ ಎರಡು ಹೋಳು ಮಾಡಿದೆ. ನಡುವೆ ಮಸಿ ಕಟ್ಟಿದಂತೆ ಕಪ್ಪು, ಅದರ ಸುತ್ತ ಬೂದಿ ಬಣ್ಣದ ರೋಮ. ಅವಳ ಮುಖದಿಂದ ನಗು ಇಳಿದುಹೋಯಿತು. “ಥೂ! ಇದನ್ನ ನಾಯಿಗೂ ಹಾಕ್ಬೇಡ!” ಎಂದು ಕೂಗಿದೆ. ಅಂಗೈಯಲ್ಲಿದ್ದದ್ದನ್ನು ಗುಡ್ಡೆಯ ಮೇಲೆ ಎಸೆದೆ. ನಗುವ ನನ್ನ ನೂರಾರು ಮುಖಗಳ ಮೇಲೆ ಅದು ಬಿತ್ತು. ಸುತ್ತ ನಿಂತವರೆಲ್ಲ ಫೋನು ಎತ್ತಿ ಹಿಡಿದಿದ್ದರು.

ಇನ್ನು ಅಂಗಡಿ ಮುಚ್ಚಿತು, ಮಗ ಬೀದಿಗೆ ಬಿದ್ದ ಎಂದು ಹೆದರಿ ಮನೆಗೆ ಬಂದೆ. ರಾತ್ರಿ ಊಟ ಸೇರಲಿಲ್ಲ. ಆದರೆ ನನಗೆ ಈ ಕಾಲ ಅರ್ಥವಾಗಿರಲಿಲ್ಲ. ಟ್ರೆಂಡಪ್ಪ ಆ ವಿಡಿಯೋವನ್ನು ಹಿಂದೆ ಮುಂದೆ ಕತ್ತರಿಸಿ, ನಾನು ‘ಥೂ’ ಎನ್ನುವಷ್ಟನ್ನೇ ಇಟ್ಟುಕೊಂಡು ಕೆಳಗೆ ಬರೆದ: ‘ಅಜ್ಜಿ ಒಪ್ಪದ ಹಣ್ಣು ನಿಮ್ಮ ಮನೆಗೆ ಬರುವುದಿಲ್ಲ.’ ಲಕ್ಷಗಟ್ಟಲೆ ಜನ ನೋಡಿದರು. ಗುಡ್ಡೆಗಳು ಕರಗಿದವು. ಬೆಲೆ ಏರಿಸಿದರು, ಆಗ ಇನ್ನೂ ಜಾಸ್ತಿ ಕರಗಿದವು. ನಿನ್ನ ಗಂಡ ಓಡಿಬಂದು ನನ್ನ ಹೆಗಲು ಹಿಡಿದು, “ಅಮ್ಮಾ, ನೀನು ಉಗುಳಿದ್ದೇ ಒಳ್ಳೇದಾಯ್ತು!” ಎಂದ.

ಆ ಮಗು ಏನಾಯಿತೋ ಎಂದು ಕೇಳಿದೆ. “ಯಾವ ಮಗು?” ಎಂದ.

ನಾನು ಹೆತ್ತ ಬಾಯಿ ಅದು. ಅದಕ್ಕೆ ಮೊದಲ ತುತ್ತು ಇಟ್ಟವಳು ನಾನು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವನಿಗೆ ನನ್ನ ಹಾಲು ಕುಡಿಸಿದೆನಲ್ಲ ಎಂದು ಮೈಯೆಲ್ಲ ಉರಿಯಿತು.

ಮಾರನೇ ದಿನದಿಂದ ನಾನೇ ಸೂಪರ್ ಮಾರ್ಕೆಟ್ಟಿಗೆ ಹೋಗತೊಡಗಿದೆ. ಯಾರೂ ಕರೆದಿರಲಿಲ್ಲ. ಬಾಗಿಲ ಕಾವಲಿನವನು ನನ್ನನ್ನು ಚೀಟಿಯಲ್ಲಿ ನೋಡಿದ್ದವನು, ಸಲಾಂ ಹೊಡೆದು ಒಳಗೆ ಬಿಟ್ಟ. ಗುಡ್ಡೆಯ ಪಕ್ಕ ನಿಂತೆ. ಯಾರು ಕೈ ಹಾಕಿದರೂ, “ಕೊಡು ಮಗು, ಕತ್ತರಿಸಿ ನೋಡೋಣ” ಎನ್ನುತ್ತಿದ್ದೆ. ಅಜ್ಜಿಯೇ ಕೇಳಿದರೆ ಯಾರು ಇಲ್ಲ ಎನ್ನುತ್ತಾರೆ? ಕತ್ತರಿಸಿದ ಹಣ್ಣನ್ನು ಹೋಳು ಮೇಲಾಗಿ ಅಲ್ಲೇ ಜೋಡಿಸುತ್ತಾ ಹೋದೆ. ಕೆಲವು ಚೆನ್ನಾಗಿಯೇ ಇದ್ದವು, ಸುಳ್ಳು ಯಾಕೆ ಹೇಳಲಿ. ಆದರೆ ಹುಳುಕಿನ ಸಾಲೇ ಉದ್ದವಾಯಿತು. ಒಬ್ಬ ಯಜಮಾನರು ಮಾತ್ರ ಕಪ್ಪು ಹೋಳನ್ನು ಮೂಸಿ, “ಇದೇ ಸಹಜ ಅಜ್ಜಿ, ರಾಸಾಯನಿಕ ಹಾಕಿಲ್ಲ ಅನ್ನೋದಕ್ಕೆ ಗುರುತು” ಎಂದು ಎರಡು ಚೀಲ ಕೊಂಡು ಹೋದರು. ಅವರನ್ನು ಕಂಡು ನನಗೆ ಮಗನ ಮೇಲಿದ್ದ ಸಿಟ್ಟೂ ಒಂದು ಗಳಿಗೆ ಮರೆತುಹೋಯಿತು. ಮೋಸ ಮಾಡುವವನಿಗಿಂತ, ಮೋಸಕ್ಕೆ ಮೂಗೊಡ್ಡಿ ಪರಿಮಳ ಎನ್ನುವವನನ್ನು ಕಂಡರೆ ಹೆಚ್ಚು ವಾಕರಿಕೆ ಬರುತ್ತದೆ.

ವಾರ ಕಳೆಯುವುದರಲ್ಲಿ ಸೂಪರ್ ಮಾರ್ಕೆಟ್ಟಿನವರು ಮಾಲು ವಾಪಸ್ ಕಳಿಸಿದರು. ಲಾರಿಗಳು ಸಾಲಾಗಿ ಬಂದು ನಮ್ಮ ಗೋಡೌನಿನ ಮುಂದೆ ನಿಂತವು. ಪ್ರತಿ ಪೆಟ್ಟಿಗೆಯ ಮೇಲೂ ನಾನು ನಗುತ್ತಿದ್ದೆ. ಇಳಿಸಲು ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡರು. ಬಿಸಿಲಿಗೆ ಹುಳಿ ಬಂದ ರಸ ರಸ್ತೆಗೆ ಹರಿದು ನೊಣ ಮುತ್ತಿತು. ಟ್ರೆಂಡಪ್ಪ ಆ ದಿನದಿಂದ ಪತ್ತೆಯಿಲ್ಲ. ಮಗ ನನ್ನೊಡನೆ ಮಾತು ಬಿಟ್ಟ. ಎದುರು ಕುಳಿತು ಉಣ್ಣುತ್ತಿದ್ದ, ಮುಖ ಎತ್ತುತ್ತಿರಲಿಲ್ಲ.

ಇವತ್ತು ಇದ್ದಕ್ಕಿದ್ದಂತೆ ಬೆಣ್ಣೆಯಂಥ ದನಿಯಲ್ಲಿ ‘ಅಮ್ಮಾ’ ಎಂದು ಬಂದು ಪಕ್ಕದಲ್ಲಿ ಕುಳಿತ. ಸೂಪರ್ ಮಾರ್ಕೆಟ್ಟಿನ ಖರೀದಿಯವರು ಹೇಳಿದರಂತೆ: “ನಿಮ್ಮ ಮಾತೂ ಬೇಡ, ನಿಮ್ಮ ಅಮ್ಮನ ಫೋಟೋನೂ ಬೇಡ. ಮೊದಲು ತಪಾಸಣೆ ಮಾಡ್ತಿದ್ದ ಆ ಹೆಣ್ಣುಮಗಳು ನೋಡಿ ಸಹಿ ಹಾಕಿದ್ರೆ ಮಾತ್ರ ಮಾಲು ತಗೋತೀವಿ.” ನೋಡಿದೆಯಾ, ಆ ಮನೆಯಲ್ಲಿ ಇನ್ನೂ ಕೊಳೆಯದೆ ಉಳಿದ ಒಂದೇ ಒಂದು ವಸ್ತು ನಿನ್ನ ಹೆಸರು. ಈಗ ಅದನ್ನೂ ತೊಳೆದು, ಮೇಣ ಹಚ್ಚಿ ಮಾರಬೇಕೆಂದಿದ್ದಾನೆ. ಅದಕ್ಕೇ ನನ್ನ ಎದೆನೋವು.

ಬರಬೇಡ. ಅವನು ಬಾಗಿಲಲ್ಲಿ ಬಂದು ಅತ್ತರೂ ಬರಬೇಡ. ನಾನು ಸತ್ತೆ ಎಂದು ಸುದ್ದಿ ಬಂದರೂ ಒಮ್ಮೆ ವಿಚಾರಿಸಿ ನೋಡು. ನಿನಗೆ ಆ ಊರಿನಲ್ಲಿ ಸಿಕ್ಕಿರುವ ನೀರು ಪರೀಕ್ಷೆಯ ಕೆಲಸ ಚೆನ್ನಾಗಿದೆ ಎಂದು ಕೇಳಿದೆ. ಹೊತ್ತು ಹೊತ್ತಿಗೆ ಉಣ್ಣು. ನನ್ನ ಚಿಂತೆ ಬಿಡು. ನನಗೆ ನನ್ನ ಮೂಲೆ ಇದೆ, ಕಿಟಕಿ ಇದೆ, ಏನೂ ಕಡಿಮೆಯಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಿನ್ನ ಕಾಲ ಬಂದಿದೆ, ಅದನ್ನು ಯಾರ ಕೈಗೂ ಕೊಡಬೇಡ.

ನಿನ್ನ ಮೇಲೆ ಇನ್ನೂ ಸ್ವಲ್ಪ ಕೋಪವಿರುವ,
ನಿನ್ನ ಅತ್ತೆ

ಮರೆತಿದ್ದು, ಸೋಮವಾರ: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ನನ್ನ ಮೂಲೆ, ಕಿಟಕಿ ಎಂದೆನಲ್ಲ, ಮೊದಲ ಹಾಳೆ ಬರೆಯುವಾಗ ಅದು ನಿಜವಿತ್ತು. ಆಮೇಲೆ, ಪತ್ರ ನಾನೇ ಅಂಚೆಗೆ ಹಾಕಿ ಬರುತ್ತೇನೆ ಎಂದು ಅವನಿಗೆ ಹೇಳಿ, ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿಕೊಂಡು ಹೊರಬಿದ್ದೆ. ಉಳಿದದ್ದನ್ನೆಲ್ಲ ಬಸ್ ನಿಲ್ದಾಣದ ಹಿಂದಿನ ಲಾಡ್ಜಿನಲ್ಲಿ ಕುಳಿತು ಬರೆದಿದ್ದೇನೆ. ಇಲ್ಲಿ ಕೋಣೆ ಗುಡಿಸುವವಳು ನನ್ನ ಗುರುತು ಹಿಡಿದು, ಪ್ರೀತಿಯಿಂದ ಒಂದು ತಟ್ಟೆ ಸೇಬು ಹೆಚ್ಚಿ ತಂದಿಟ್ಟಳು. ಅವಳು ಆಚೆ ಹೋಗುವ ತನಕ ಉಸಿರು ಬಿಗಿಹಿಡಿದು ಕೂತಿದ್ದೆ. ನಿನ್ನ ಬಾಡಿಗೆ ಕೋಣೆಯಲ್ಲಿ ಇನ್ನೊಂದು ಹಾಸಿಗೆ ಹಿಡಿಸುತ್ತದೆಯೇ? ನನಗೆ ಗೊರಕೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆಗುವುದಿಲ್ಲ ಎಂದರೂ ಸರಿ, ಹಾಗೇ ಬರೆ. ಈ ಲಾಡ್ಜಿನ ವಿಳಾಸ ಲಕೋಟೆಯ ಹಿಂದಿದೆ. ಉತ್ತರವನ್ನು ಮಾತ್ರ ಮನೆಗೆ ಹಾಕಬೇಡ.