ಕೈಪಿಡಿಯಲ್ಲಿ ಬರೆದ ಅರ್ಧ ಗಂಟೆ

ಅಣ್ಣಾ,

ನಿನ್ನನ್ನು ಹುಡುಕುವುದನ್ನು ನಿಲ್ಲಿಸುತ್ತೇವೆಂದು ಅರಣ್ಯ ಕಚೇರಿಯವರು ಇವತ್ತು ಬೆಳಿಗ್ಗೆ ಹೇಳಿದರು. ಮೂವತ್ತೊಂದು ದಿನ ಹುಡುಕಿದ್ದಾರೆ, ಅವರನ್ನು ದೂರುವ ಹಾಗಿಲ್ಲ. ದೂರಬೇಕಾದವಳು ಯಾರೆಂದು ಈ ಪತ್ರದಲ್ಲಾದರೂ ಬರೆದುಬಿಡುತ್ತೇನೆ.

ಬೆಟ್ಟದ ಕಾಡು ನೋಡಲು ಬರುವವರಿಗಾಗಿ ನಾನು ಕೈಪಿಡಿ ಬರೆದ ಬೇಸಿಗೆ ನಿನಗೆ ನೆನಪಿರಬೇಕು. ಇಪ್ಪತ್ತು ವರ್ಷದಿಂದ ಜನರಿಗೆ ಅಲ್ಲಿ ದಾರಿ ತೋರಿಸುತ್ತಿದ್ದವನು ನೀನು. ನನ್ನ ಚೀಲವನ್ನೂ ಹೊತ್ತು ನೀನು ಮುಂದೆ, ನಾನು ಹಿಂದೆ. ಜಲಪಾತದ ಎತ್ತರವನ್ನು ನಾನು ಹಗ್ಗ ಇಳಿಬಿಟ್ಟು ಅಳೆದೆ. ಗುಹೆಯ ಗೋಡೆಯ ಮೇಲೆ ಯಾವ ಕಾಲದವರೋ ಕೆಂಪು ಬಣ್ಣದಲ್ಲಿ ಬರೆದ ಜಿಂಕೆಗಳನ್ನು ಎರಡು ಸಲ ಎಣಿಸಿದೆ, ಹದಿನೇಳು. ತಾಯಿಯ ಕಾಲಸಂದಿಯಲ್ಲಿ ನಿಂತ ಮರಿಯನ್ನು ನೀನು ತೋರಿಸಿದ ಮೇಲೆ ಹದಿನೆಂಟು. "ಏನೇ ಅಳತೆಗೋಲು, ಮರದ ಎಲೆ ಎಣಿಸೋದು ಯಾವತ್ತು?" ಎಂದು ನೀನು ರೇಗಿಸಿದ್ದೆ.

ಅಷ್ಟೆಲ್ಲ ಅಳೆದವಳು ನಡಿಗೆಯ ಹೊತ್ತನ್ನು ಮಾತ್ರ ನಿನ್ನನ್ನು ಕೇಳಿ ಬರೆದುಕೊಂಡೆ. ತಿರುವಿಗೊಂದು ಸಲ ನಿಂತು ಟಿಪ್ಪಣಿ ಮಾಡುತ್ತಿದ್ದ ನನ್ನ ಗಡಿಯಾರವನ್ನು ನಂಬುವಂತಿರಲಿಲ್ಲ. ಗುಹೆಯಿಂದ ತುದಿಯ ಕಲ್ಲುಮಂಟಪಕ್ಕೆ ಎಷ್ಟು ಹೊತ್ತು ಎಂದು ಕೇಳಿದರೆ, ನೀನು "ಅರ್ಧ ಗಂಟೆ ಸಾಕು ಕಣೇ" ಎಂದೆ. ಅದು ನಿನ್ನ ಕಾಲಿನ ಅರ್ಧ ಗಂಟೆ. ಉಳಿದವರಿಗೆ ಎರಡು ಗಂಟೆ ಹಿಡಿಯುತ್ತದೆ. ನಾನು ಹಾಗೆಯೇ ಅಚ್ಚು ಹಾಕಿಸಿದೆ.

ಅದನ್ನು ನಂಬಿ, ಕಾಡು ನೋಡಲು ಬಂದಿದ್ದ ಆ ಮೇಷ್ಟ್ರು ಮತ್ತು ಅವರ ಹೆಂಡತಿ ಸಂಜೆ ನಾಲ್ಕೂವರೆಗೆ ಗುಹೆಯಿಂದ ಮೇಲಕ್ಕೆ ಹೊರಟರು. ಕತ್ತಲಾದರೂ ಇಳಿಯದ ಅವರನ್ನು ಹುಡುಕಲು ನೀನು ಮಂಜಿನಲ್ಲಿ ಹತ್ತಿದೆ. ಅವರು ಮಂಟಪದಲ್ಲೇ ಕೂತಿದ್ದು ಬೆಳಗಾದ ಮೇಲೆ ತಾವೇ ಇಳಿದು ಬಂದರು. ನೀನು ಬರಲಿಲ್ಲ. "ಪುಸ್ತಕದಲ್ಲಿ ಅರ್ಧ ಗಂಟೆ ಅಂತಿತ್ತಲ್ಲಮ್ಮಾ" ಎಂದು ಮೇಷ್ಟ್ರು ನಮ್ಮ ಮನೆಯಲ್ಲಿ ಕೂತು ಅತ್ತರು. ಅತ್ತಿಗೆ ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಒಳ್ಳೆಯದಿತ್ತು.

ಹುಡುಕಾಟ ನಿಲ್ಲಿಸಲು ಒಪ್ಪಿಗೆಯಿದೆ ಎಂದು ಮನೆಯವರೊಬ್ಬರು ಬರೆದುಕೊಡಬೇಕಂತೆ. ಗುಮಾಸ್ತ ಕಾಗದವನ್ನು ಅತ್ತಿಗೆಯ ಮುಂದಿಟ್ಟ. ಅವರು ಅದನ್ನು ಓದದೆ ನನ್ನ ಕಡೆಗೆ ಸರಿಸಿದರು.

"ನೀನೇ ಹಾಕಮ್ಮ. ನಾನು ಸಹಿ ಹಾಕಿದ್ರೆ ನಾಳೆಯಿಂದ ಬಾಗಿಲ ಕಡೆ ನೋಡೋ ಹಾಗಿರಲ್ಲ."

ಹಾಕಿದೆ, ಅಣ್ಣಾ. ಸಂಜೆ ಹೊರಗೆ ಯಾರದೋ ಹೆಜ್ಜೆ ಸದ್ದಾದಾಗ ಅತ್ತಿಗೆ ತಲೆಯೆತ್ತಿದರು. ನಾನು ಎತ್ತಲಿಲ್ಲ.

ಬಾ ಎಂದು ಬರೆಯುವ ಹಕ್ಕು ಇನ್ನು ನನಗಿಲ್ಲ. ನೀನು ಎಲ್ಲಿ ಮಲಗಿದ್ದರೂ ಅಲ್ಲಿ ಸ್ವಲ್ಪ ಬಿಸಿಲು ಬೀಳಲಿ.

ಸಹಿ ಹಾಕಿದ,
ನಿನ್ನ ತಂಗಿ